ಸ್ವಾಮಿದಾಸನ ಮಗ್ಗುಲಿನ ಜಾಗ

ನಮ್ಮ ಚರ್ಚಿನ ಸಭೆಯ ಸುವಾರ್ತಮ್ಮನಿಗೆ ಸಾವಿನ ಹೆದರಿಕೆ ಇರಲಿಲ್ಲ. ಜಾಗ ಮೊದಲೇ ಸಿದ್ಧವಿತ್ತು. ಅವಳ ಗಂಡ ಸ್ವಾಮಿದಾಸ ಶಹಾಬಾದಿನ ಗಣಿಗಳಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ಎಬ್ಬಿಸುತ್ತಿದ್ದವನು. ಒಮ್ಮೆ ಬಿರುಕಿಲ್ಲದ ಉದ್ದನೆಯ ಕಲ್ಲೊಂದು ಸಿಕ್ಕಾಗ ಮಾಲೀಕನನ್ನು ಕಾಡಿ ಬೇಡಿ ಮನೆಗೆ ತಂದು, ಎರಡು ಹೋಳು ಮಾಡಿ, ಒಂದು ತನ್ನ ಗೋರಿಗೆ, ಇನ್ನೊಂದು ಹೆಂಡತಿಯ ಗೋರಿಗೆ ಎಂದು ಗೋಡೆಗೆ ಒರಗಿಸಿಟ್ಟಿದ್ದ. ಬೇರೆಯವರ ಗಂಡಂದಿರು ಸೀರೆ ತರುತ್ತಾರೆ ಎಂದು ಅವಳು ಜಗಳ ತೆಗೆದಿದ್ದಳಂತೆ. ಅವನು ತೀರಿಕೊಂಡಾಗ ಅವನ ಕಲ್ಲು ಚರ್ಚಿನ ಸ್ಮಶಾನಕ್ಕೆ ಹೋಯಿತು. ಮಗ್ಗುಲಲ್ಲಿ ಒಬ್ಬರಿಗಾಗುವಷ್ಟು ಜಾಗವನ್ನು ಸಭೆಯವರು ಅವಳ ಹೆಸರಿಗೆ ಬಿಟ್ಟರು. ಭಾನುವಾರ ಆರಾಧನೆ ಮುಗಿಸಿ, ಆ ಖಾಲಿ ಜಾಗದಲ್ಲಿ ಕುಳಿತು, ಗಂಡನಿಗೆ ವಾರದ ವರದಿ ಒಪ್ಪಿಸುವುದು ಅವಳ ರೂಢಿಯಾಯಿತು.

ಸ್ಟೇಷನ್ನಿನ ಹೊರಗೆ ರೊಟ್ಟಿ ಮಾರುತ್ತಿದ್ದಳು. ಕೈ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ಒಂದು ಭಾನುವಾರ ಪಾಸ್ಟರು, ಕರ್ತನು ಪರದೇಶಿಯ ರೂಪದಲ್ಲಿ, ಊರು ದೂರ ಇಟ್ಟವನ ರೂಪದಲ್ಲಿ ನಮ್ಮ ಬಾಗಿಲಿಗೆ ಬರುತ್ತಾನೆ ಎಂದು ಪ್ರಸಂಗ ಮಾಡಿದರು. ನಾವೆಲ್ಲ ಆಮೆನ್ ಎಂದು ಮನೆಗೆ ಹೋಗಿ ಉಂಡು ಮಲಗಿದೆವು. ಸುವಾರ್ತಮ್ಮ ಮಾತ್ರ ಆ ಪ್ರಸಂಗವನ್ನು ನೆಂಟರು ಬರುವ ಸುದ್ದಿಯಂತೆ ಕೇಳಿಸಿಕೊಂಡಿದ್ದಳು.

ಆ ವಾರವೇ ರೈಲಿನಿಂದ ಒಬ್ಬ ಮುದುಕ ಇಳಿದ. ಕುಷ್ಠರೋಗದಿಂದ ಕೈಬೆರಳು ಸವೆದುಹೋಗಿದ್ದವು. ಯಾವ ಭಾಷೆಯಲ್ಲಿ ಕೇಳಿದರೂ ತಲೆ ಅಲ್ಲಾಡಿಸುತ್ತಿದ್ದ. ಅಂಗಡಿಯವರು ಕೋಲು ತೋರಿಸಿ ಅತ್ತ ಅಟ್ಟಿದರು. ಬರಬೇಕಾದವನು ಇವನೇ ಎಂದು ಸುವಾರ್ತಮ್ಮ ತೀರ್ಮಾನಿಸಿದಳು. ಹಾಗಂತ ಅವನಿಗೆ ವಿಶೇಷ ಮರ್ಯಾದೆಯೇನೂ ಸಿಗಲಿಲ್ಲ. ದಿನಾ ರೊಟ್ಟಿ ಮುರಿದು ಬೇಳೆಯಲ್ಲಿ ನೆನೆಸಿ ಮುಂದಿಡುವಳು, ಜೊತೆಗೆ ಬೈಗುಳವನ್ನೂ ಬಡಿಸುವಳು.

"ಮೊದಲ ಕೈ ತೊಳಿ. ಪರಲೋಕದಾಗೂ ಹಿಂಗೇ ಉಣ್ತಿದ್ದಿಯೇನು?"

ಮುದುಕ ನಗುತ್ತಿದ್ದ. ಅರ್ಥವಾಗಿ ನಕ್ಕನೋ, ಹೊಟ್ಟೆ ತುಂಬಿ ನಕ್ಕನೋ ಹೇಳಲಾರೆ.

ಈ ಸಲದ ಚಳಿಗಾಲದಲ್ಲಿ ಅವನು ಪ್ಲಾಟ್‌ಫಾರ್ಮಿನ ಮೇಲೇ ಸತ್ತ. ವಾರಸುದಾರರಿಲ್ಲದ ಹೆಣ, ಊರಾಚೆ ಎಲ್ಲಾದರೂ ಹೂಳಿಸುತ್ತೇವೆ ಎಂದರು ಪೊಲೀಸರು. ಸುವಾರ್ತಮ್ಮ ರೊಟ್ಟಿ ಬುಟ್ಟಿ ಹಾಗೇ ಬಿಟ್ಟು ಪಾಸ್ಟರ ಮನೆಗೆ ಹೋದಳು. ನಾನೂ ಆಗ ಅಲ್ಲಿದ್ದೆ.

"ಅವ ನಮ್ಮ ಸಭಾದವ ಅಲ್ಲಲ್ಲಮ್ಮ. ದೀಕ್ಷಾಸ್ನಾನ ಆಗಿತ್ತೇನು?" ಎಂದರು ಪಾಸ್ಟರು.

"ನಾ ಕೇಳಿಲ್ರಿ. ಅವನೂ ನನ್ನ ಕೇಳಿಲ್ಲ."

"ಜಾಗಾನೂ ಇಲ್ಲ. ನಮ್ಮ ಮಂದಿಗೇ ಸಾಲವಲ್ದು."

"ನನ್ನ ಜಾಗಾ ಅದ ಅಲ್ರಿ, ಅದನ್ನ ಕೊಡ್ರಿ."

ಪಾಸ್ಟರು ಸಭೆಯ ಕಮಿಟಿಯವರಿಗೆ ಹೇಳಿ ಕಳುಹಿಸಿದರು. ಸುದ್ದಿ ತಿಳಿದು ಅವಳ ಮಗ ಜಯರಾಜನೂ ಓಡಿಬಂದ.

"ಯವ್ವಾ, ಅಪ್ಪನ ಬಾಜೂಕ ಯಾವನೋ ಭಿಕಾರಿನ್ನ ಮಲಗಸ್ತಿ? ನಾಳಿ ನಿನ್ನ ಎಲ್ಲಿಡ್ಲಿ?"

"ಎಲ್ಲಿ ಸಿಗ್ತದ ಅಲ್ಲಿ ಇಡು. ನಾ ಏನು ಎದ್ದು ನೋಡಾಕ ಬರ್ತೀನಾ?"

ಜಾಗ ಅವಳದೇ ಆದ್ದರಿಂದ ಕಮಿಟಿಯವರು ಗೊಣಗುತ್ತಲೇ ಒಪ್ಪಿದರು. ಪೊಲೀಸರಿಂದ ಹೆಣ ಬಿಡಿಸಿಕೊಂಡು ತಂದೆವು. ಜಯರಾಜ ಮುಖ ಗಂಟಿಕ್ಕಿಕೊಂಡೇ ಹೆಗಲು ಕೊಟ್ಟ. ಮನೆಯ ಗೋಡೆಗೆ ಒರಗಿದ್ದ ಅವಳ ಕಲ್ಲೂ ಮುದುಕನ ಮೇಲೆಯೇ ಹೋಯಿತು. ಮಣ್ಣು ಹಾಕುವಾಗ ಅವಳು ಅಳಲಿಲ್ಲ. ಗಟ್ಟಿ ಹೆಂಗಸು ಎಂದು ಜನ ಮೆಚ್ಚಿಕೊಂಡರು, ನಾನೂ ಮೆಚ್ಚಿಕೊಂಡೆ.

ಮುಂದಿನ ಭಾನುವಾರ ಸ್ಮಶಾನದ ಕಡೆ ಹೋದರೆ, ಸ್ವಾಮಿದಾಸನ ಕಾಲ ಬಳಿ ನಿಂತು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಕುಳಿತುಕೊಳ್ಳಲು ಅವಳಿಗೆ ಅಲ್ಲಿ ಜಾಗವಿರಲಿಲ್ಲ. ಸಮಾಧಾನಕ್ಕೆ ಏನಾದರೂ ಹೇಳಬೇಕಲ್ಲ ಎಂದು, "ಸುವಾರ್ತವ್ವ, ಭಾಳ ದೊಡ್ಡ ಕೆಲಸ ಮಾಡೀರಿ" ಎಂದೆ.

ಸೆರಗಿನಿಂದ ಮೂಗು ಒರೆಸಿಕೊಂಡು ನನ್ನನ್ನು ದುರುಗುಟ್ಟಿ ನೋಡಿದಳು.

"ಎಲ್ಲಿ ದೊಡ್ಡ ಕೆಲಸೋ? ನನ್ನ ಹೊಟ್ಟಿ ಉರೀಲಿಕತ್ತದ. ಇವನ ಬಾಜೂಕ ಮಲಗಬೇಕಂತ ಇಷ್ಟ ವರ್ಷ ದಿನಾ ದೂಡೀನಿ ನಾ. ಬ್ಯಾರೆ ಯಾರರ ಆಗಿದ್ರ ಒಂದು ಗೇಣು ಬಿಟ್ಟು ಕೊಡ್ತಿದ್ದಿಲ್ಲ. ಆ ಕರ್ತನೇ ಬಂದು ಜಾಗಾ ಕೇಳಿದ ಮ್ಯಾಲ ಇಲ್ಲಂತ ಹೆಂಗ ಅನ್ಲಿ?"