ಮೊದಲ ತುತ್ತು ಸುವರ್ಣಾಳದು

2016ರಲ್ಲಿ ನಾನು ಪುಣೆಯ ಒಂದು ಧರ್ಮಾರ್ಥ ಆಸ್ಪತ್ರೆಯ ವ್ಯಸನಮುಕ್ತಿ ವಿಭಾಗದಲ್ಲಿ ಮೆಡಿಕಲ್ ಸೋಶಿಯಲ್ ವರ್ಕರ್ ಆಗಿದ್ದೆ. ಈ ಹುದ್ದೆಯ ಹೆಸರು ಕೇಳಿದವರು ನನ್ನನ್ನು ಒಮ್ಮೊಮ್ಮೆ ಡಾಕ್ಟರ್ ಎಂದೂ, ಒಮ್ಮೊಮ್ಮೆ ಚಂದಾ ಎತ್ತಲು ಬಂದವಳೆಂದೂ ತಿಳಿಯುತ್ತಿದ್ದರು. ನಾನು ಎರಡೂ ಅಲ್ಲ. ಡಾಕ್ಟರು ರೋಗಿಯ ದೇಹ ನೋಡಿಕೊಂಡರೆ, ಆತ ಯಾವ ಮನೆಯಿಂದ ಬಂದ, ಯಾವ ಮನೆಗೆ ಮರಳುತ್ತಾನೆ ಎಂಬುದನ್ನು ನೋಡಿಕೊಳ್ಳುವುದು ನನ್ನ ಕೆಲಸ. ನನ್ನ ತವರು ವಿಜಯಪುರ. ಹೀಗಾಗಿ ಯಾವ ವಾರ್ಡಿಗೆ ಕನ್ನಡದ ರೋಗಿ ಬಂದರೂ ‘ಆ ಕಾನಡಿ ಬಾಯಿಯನ್ನು ಕರೀರಿ’ ಎಂದು, ಅಂದರೆ ಕನ್ನಡದ ಹೆಂಗಸನ್ನು ಕರೆಯಿರಿ ಎಂದು, ನನಗೇ ಬುಲಾವು ಬರುತ್ತಿತ್ತು.

ಆ ಚಳಿಗಾಲದ ಒಂದು ಬೆಳಿಗ್ಗೆ ಮೆಡಿಸಿನ್ ವಾರ್ಡಿನಿಂದ ಹಾಗೆಯೇ ಕರೆ ಬಂತು. ರೋಗಿಯನ್ನು ಇಲ್ಲಿ ಈರಣ್ಣ ಎನ್ನುತ್ತೇನೆ, ಹೆಂಡತಿಯನ್ನು ಸುವರ್ಣಾ. ಎರಡೂ ನಿಜವಾದ ಹೆಸರುಗಳಲ್ಲ. ಈರಣ್ಣನಿಗೆ ಐವತ್ತರ ಹತ್ತಿರದ ವಯಸ್ಸು. ಚಿಂಚವಾಡದಲ್ಲಿ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಕ್ಲರ್ಕ್. ಹಿಂದಿನ ಸಂಜೆ ಸಹೋದ್ಯೋಗಿಯೊಬ್ಬರ ನಿವೃತ್ತಿಯ ಪಾರ್ಟಿಯಲ್ಲಿ ಕುಡಿಯುತ್ತಿದ್ದಾಗ ಮುಖವೆಲ್ಲ ಕೆಂಪೇರಿ, ವಾಂತಿಯಾಗಿ, ಎದೆ ಹಿಡಿದುಕೊಂಡು ಕುಸಿದಿದ್ದ. ಆಸ್ಪತ್ರೆಗೆ ತಂದಾಗ ರಕ್ತದೊತ್ತಡ ಪಾತಾಳಕ್ಕಿಳಿದಿತ್ತು.

ಎಲ್ಲರೂ ಹೃದಯಾಘಾತ ಎಂದುಕೊಂಡಿದ್ದರು. ಇಸಿಜಿ ಮಾತ್ರ ಅದಕ್ಕೆ ಒಪ್ಪುತ್ತಿರಲಿಲ್ಲ. ವಾರ್ಡಿನ ಡಾಕ್ಟರು ಚುರುಕಿನ ಮರಾಠಿ ಹುಡುಗಿ. ಆಕೆ ಸುವರ್ಣಾಳನ್ನು ‘ಕಾಹೀ ಔಷಧ ಚಾಲೂ ಆಹೇ ಕಾ?’ ಎಂದು ಮತ್ತೆ ಮತ್ತೆ ಕೇಳಿದ್ದಳು. ಯಾವ ಔಷಧಿಯೂ ಇಲ್ಲ ಎಂದು ಸುವರ್ಣಾ ತಲೆಯಾಡಿಸಿದ್ದಳು. ಭಾಷೆಯ ತೊಡಕಿರಬಹುದೆಂದು ನನ್ನನ್ನು ಕರೆಸಿದರು. ಪುಣೆಯಲ್ಲಿ ಇಪ್ಪತ್ತು ವರ್ಷ ಸಂಸಾರ ಮಾಡಿ, ತರಕಾರಿಯವನ ಜೊತೆ ಮರಾಠಿಯಲ್ಲೇ ಜಗಳ ಆಡುವ ಹೆಂಗಸಿಗೆ ಆ ಪ್ರಶ್ನೆ ತಿಳಿಯಲಿಲ್ಲ ಎಂಬುದನ್ನು ನಾನಂತೂ ನಂಬಲಿಲ್ಲ.

ನಾನು ಕನ್ನಡದಲ್ಲಿ ಕೇಳಿದೆ. “ಏನಿಲ್ಲರಿ ಅಕ್ಕಾರ, ಗುಳಿಗಿ ಅಂದ್ರ ಅವರಿಗೆ ಮೊದ್ಲಿಂದ ಆಗೂದಿಲ್ಲ” ಎಂದಳು. ಕುಡಿತದ ಬಗ್ಗೆ ಕೇಳಿದಾಗ ಮಾತ್ರ ಎಲ್ಲವನ್ನೂ ಸುರಿದಳು. ದೇವರಿಗೆ ಹರಕೆ ಹೊತ್ತದ್ದು, ತಾಯತ ಕಟ್ಟಿಸಿದ್ದು, ಅತ್ತೆಯ ಫೋಟೋ ಮುಟ್ಟಿಸಿ ಆಣೆ ಹಾಕಿಸಿದ್ದು. ಬಿಡಿಸುವ ಆಸ್ಪತ್ರೆಗೆ ಹೋಗೋಣ ಎಂದರೆ ಈರಣ್ಣ ‘ನಾ ಏನು ಹುಚ್ಚ ಏನು?’ ಎಂದು ಚಪ್ಪಲಿ ಮೆಟ್ಟಿ ಹೊರಗೆ ನಡೆಯುತ್ತಿದ್ದನಂತೆ. ಕೆಟ್ಟ ಮನುಷ್ಯ ಅಲ್ಲ, ಒಂದು ದಿನವೂ ಕೈ ಎತ್ತಿದವನಲ್ಲ ಎಂದು ಅವಳೇ ಹೇಳಿದಳು. ಕುಡಿದು ಬಂದ ದಿನವೂ ಹೊರಗಿನ ಊಟ ಮುಟ್ಟುತ್ತಿರಲಿಲ್ಲ. ಅವಳು ತಟ್ಟಿದ ರೊಟ್ಟಿ, ಅವಳು ಕುಟ್ಟಿದ ಶೇಂಗಾ ಚಟ್ನಿಪುಡಿ, ಮೇಲೊಂದಿಷ್ಟು ಮೊಸರು ಬೇಕೇ ಬೇಕು.

ಮಧ್ಯಾಹ್ನ ಈರಣ್ಣ ಸ್ವಲ್ಪ ಚೇತರಿಸಿಕೊಂಡಿದ್ದ. ನಾನು ಮತ್ತೆ ಹೋದಾಗ ಸುವರ್ಣಾ ಮನೆಯಿಂದ ತಂದ ಬುತ್ತಿ ಬಿಚ್ಚಿದ್ದಳು. ರೊಟ್ಟಿಯ ಪಕ್ಕದ ಚಿಕ್ಕ ಸ್ಟೀಲ್ ಡಬ್ಬಿಯಲ್ಲಿ ಚಟ್ನಿಪುಡಿ. ಬೆಳ್ಳುಳ್ಳಿಯ ಘಮ ಮೂಗಿಗೆ ಬಡಿಯಿತು. ಕ್ಯಾಂಟೀನಿನ ವಡಾಪಾವ್ ತಿಂದು ಬೇಸತ್ತ ನನ್ನ ನಾಲಿಗೆ ಒಂದು ಕ್ಷಣ ಹುದ್ದೆಯನ್ನೇ ಮರೆಯಿತು. ‘ಭಾಳ ದಿನ ಆತು ನೋಡ್ರಿ ಇದನ್ನ ತಿಂದು’ ಎಂದು ಚಿಟಿಕೆ ಪುಡಿಗೆ ಕೈ ಚಾಚಿದೆ.

ಸುವರ್ಣಾ ಡಬ್ಬಿಯನ್ನು ಕಸಿದು ಸೆರಗಿನಲ್ಲಿ ಮುಚ್ಚಿಕೊಂಡಳು.

“ಬ್ಯಾಡ್ರಿ ಅಕ್ಕಾರ. ನೀವು ತಿನ್ನಬ್ಯಾಡ್ರಿ.”

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೈಲಿನಲ್ಲಿ ಬುತ್ತಿ ಬಿಚ್ಚಿದರೆ ಎದುರಿಗೆ ಕುಳಿತ ಅಪರಿಚಿತರಿಗೂ ‘ಬರ್ರಿ, ಊಟ ಮಾಡ್ರಿ’ ಎನ್ನುವ ಜನ ನಾವು. ಮನೆಗೆ ಬಂದವರಿಗೆ ಬೇಡವೆಂದರೂ ಒಂದು ಡಬ್ಬಿ ಚಟ್ನಿಪುಡಿ ಕಟ್ಟಿಕೊಡುತ್ತೇವೆ. ವಿಜಯಪುರದ ಕಡೆಯ ಹೆಣ್ಣುಮಗಳು ಕೈ ಚಾಚಿದವರಿಂದ ಚಟ್ನಿಪುಡಿ ಕಸಿದುಕೊಂಡಳು ಎಂದರೆ ಆ ಪುಡಿಯಲ್ಲಿ ಏನೋ ಇದೆ. ನಾನು ಅವಳನ್ನು ಕಾರಿಡಾರಿಗೆ ಕರೆದುಕೊಂಡು ಹೋದೆ.

ಅಲ್ಲಿ ಗೋಡೆಗೆ ಆನಿಕೊಂಡು ಅವಳು ಹೇಳಿದ್ದು ಇಷ್ಟು. ದೀಪಾವಳಿಯ ಹೊತ್ತಿಗೆ ಪರಿಚಯದ ಮೆಡಿಕಲ್ ಅಂಗಡಿಯವನೊಬ್ಬ ಡಾಕ್ಟರರ ಚೀಟಿ ಇಲ್ಲದೆಯೇ ಒಂದು ಬಗೆಯ ಗುಳಿಗೆ ಕೊಟ್ಟಿದ್ದ. ಗಂಡನಿಗೆ ಗೊತ್ತಾಗದ ಹಾಗೆ ಅನ್ನದಲ್ಲಿ ಹಾಕು, ತಾನಾಗಿಯೇ ಬಿಡುತ್ತಾನೆ ಎಂದಿದ್ದ. ಅವಳು ಅದನ್ನು ಪುಡಿ ಮಾಡಿ ಶೇಂಗಾದ ಜೊತೆ ಕುಟ್ಟಿದ್ದಳು. ಬೆಳ್ಳುಳ್ಳಿ, ಖಾರದ ನಡುವೆ ರುಚಿ ತಿಳಿಯುವುದಿಲ್ಲ.

ಆ ಗುಳಿಗೆಯ ಹೆಸರು ಡೈಸಲ್ಫಿರಾಮ್. ಅದು ಒಳಗಿದ್ದಾಗ ಮದ್ಯ ಹೋದರೆ ದೇಹ ತಿರುಗಿ ಬೀಳುತ್ತದೆ. ಮುಖ ಕೆಂಪೇರುತ್ತದೆ, ವಾಂತಿಯಾಗುತ್ತದೆ, ಎದೆ ಡವಗುಡುತ್ತದೆ, ಕೆಲವೊಮ್ಮೆ ಜೀವವೇ ಹೋಗುತ್ತದೆ. ಕುಡಿದರೆ ಹೀಗಾಗುತ್ತದೆ ಎಂದು ತಿಳಿದು, ಒಪ್ಪಿ ನುಂಗುವವರಿಗೆ ಮಾತ್ರ ಡಾಕ್ಟರರ ನಿಗಾದಲ್ಲಿ ಕೊಡುವ ಔಷಧಿ ಅದು. ಆ ಭಯವೇ ಅದರ ಗುಣ. ತಿಳಿಯದವನಿಗೆ ಕೊಟ್ಟರೆ ಅದು ಔಷಧಿಯಲ್ಲ, ವಿಷ.

ನನಗೆ ಭಾರೀ ಸಿಟ್ಟು ಬಂತು. “ನಿಮ್ಮ ಗಂಡನ ಜೀವ ಹೋಗತಿತ್ತು, ಗೊತ್ತದ ಏನು?” ಎಂದೆ. ಅವಳು ಅಳಲಿಲ್ಲ. “ಕುಡದರೂ ಹೋಗತಿತ್ತರಿ” ಎಂದಳು. “ಒಂದು ಹದಿನೈದು ದಿನ ಬಿಟ್ಟಿದ್ದರಿ ಅಕ್ಕಾರ. ಸಂಜಿಮುಂದ ಮನ್ಯಾಗ ಕುಂತು ನನ್ನ ಜೋಡಿ ಟಿವಿ ನೋಡಿದ್ರು. ಲಗ್ನ ಆದಮ್ಯಾಗ ಅಷ್ಟು ಸುಖ ನಾ ಕಂಡಿಲ್ಲ.” ಅದನ್ನು ಕೇಳಿ ನನ್ನ ಸಿಟ್ಟು ನಿಲ್ಲಲು ಜಾಗವಿಲ್ಲದೆ ಇಳಿದುಹೋಯಿತು. ತಕ್ಷಣ ಡಾಕ್ಟರಿಗೆ ತಿಳಿಸಿದೆವು, ಡಬ್ಬಿಯಲ್ಲಿದ್ದ ಪುಡಿಯನ್ನು ವಶಕ್ಕೆ ಪಡೆದೆವು, ಚಿಕಿತ್ಸೆಯ ದಾರಿ ಬದಲಾಯಿತು.

ಉಳಿದದ್ದು ಈರಣ್ಣನಿಗೆ ಹೇಳುವುದು. ಸುವರ್ಣಾ ನನ್ನ ಎರಡೂ ಕೈ ಹಿಡಿದುಕೊಂಡಳು. “ಹಾರ್ಟಿಂದ ಆತು ಅಂತ ಹೇಳ್ರಿ. ಇನ್ನ ನನ್ನ ಕೈಲಿಂದ ಅವರು ಉಣ್ಣೂದಿಲ್ಲರಿ.” ಅವಳ ಭಯ ಪೊಲೀಸರದ್ದಾಗಿರಲಿಲ್ಲ, ನೆಂಟರದ್ದೂ ಆಗಿರಲಿಲ್ಲ. ಅವಳಿಗೆ ಆ ಸಂಸಾರದಲ್ಲಿ ತನ್ನದು ಅಂತ ಉಳಿದಿದ್ದದ್ದು ಗಂಡ ತನ್ನ ಕೈಯ ಊಟವನ್ನೇ ಕೇಳುತ್ತಾನೆ ಎಂಬುದೊಂದೇ. ಆದರೆ ರೋಗಿಯಿಂದ ಇಂಥದ್ದನ್ನು ಮುಚ್ಚಿಡುವಂತಿಲ್ಲ. ಮನೆಗೆ ಹೋಗಿ ಆತ ಮತ್ತೆ ಕುಡಿದರೆ, ದೇಹದಲ್ಲಿ ಉಳಿದ ಅಂಶವೇ ಅವನನ್ನು ಕೊಲ್ಲಬಹುದು. “ನೀವೇ ಹೇಳ್ರಿ, ನಾ ಬಾಜೂಕ ಕೂಡ್ತೀನಿ” ಎಂದೆ.

ಅವಳೇ ಹೇಳಿದಳು. ಮಂಚದ ಕಾಲ ಬಳಿ ನಿಂತು, ನೆಲ ನೋಡುತ್ತ ಹೇಳಿದಳು. ಈರಣ್ಣ ಕೂಗಾಡುತ್ತಾನೆ ಎಂದು ನಾನು ಕಾದಿದ್ದೆ. ಆತ ಹೆಂಡತಿಯ ಕಡೆ ತಿರುಗಿದ.

“ಮೊದಲೂ ಎರಡು ಸಲ ಹಿಂಗಾದಾಗ ನಾ ಸಾಯ್ತೀನಿ ಅಂದ್ಕೊಂಡಿದ್ದೆ” ಎಂದ. “ನಿನಗ ಗಾಬರಿ ಆಗ್ತದ ಅಂತ ಹೇಳಿದ್ದಿಲ್ಲ.”

ಆಮೇಲೆ ನನ್ನ ಕಡೆ ತಿರುಗಿದ. “ಬೈಬೇಕಿತ್ತರಿ, ಮನಿ ಬಿಟ್ಟು ಹೊರಗ ಹಾಕಬೇಕಿತ್ತು. ತಾಟಿನ್ಯಾಗ ಹಾಕೂದು ಏನ್ರಿ?” ಅಷ್ಟು ಹೇಳಿ ಗೋಡೆಯ ಕಡೆ ಮಗ್ಗುಲಾದ. ಸಂಜೆ ಅವಳು ತಂದ ಗಂಜಿಯನ್ನು ಮುಟ್ಟಲಿಲ್ಲ.

ಇಂಥ ಹೊತ್ತಿನಲ್ಲಿ ವ್ಯಸನಮುಕ್ತಿ ವಾರ್ಡಿಗೆ ಸೇರಿ ಎನ್ನಲು ನನಗೆ ಬಾಯಿಯೇ ಬರಲಿಲ್ಲ. ಎರಡು ದಿನದ ಮೇಲೆ ಆತನೇ ಕೇಳಿದ, ನಿಮ್ಮ ವಾರ್ಡಿನಲ್ಲಿ ಊಟ ಎಲ್ಲಿಂದ ಬರುತ್ತದೆ ಎಂದು. ಎಲ್ಲರಿಗೂ ಒಂದೇ ಅಡುಗೆಮನೆಯಿಂದ ಎಂದೆ. “ಹಂಗಾದ್ರ ಅಲ್ಲೇ ಇರ್ತೀನಿ” ಎಂದ. ನನ್ನ ಸೇವಾವಧಿಯಲ್ಲಿ ಚಿಕಿತ್ಸೆಗೆ ಒಪ್ಪಿಕೊಂಡವರ ಕಾರಣಗಳನ್ನು ಬೇಕಾದಷ್ಟು ಕೇಳಿದ್ದೇನೆ. ಮಕ್ಕಳಿಗಾಗಿ, ನೌಕರಿಗಾಗಿ, ಸಾವಿನ ಹೆದರಿಕೆಗಾಗಿ. ಹೆಂಡತಿಯ ಅಡುಗೆಗೆ ಹೆದರಿ ಬಂದವನು ಇವನೊಬ್ಬನೇ. ಹೇಳುವಾಗ ನಗು ಬರುತ್ತದೆ, ಅಂದು ಬಂದಿರಲಿಲ್ಲ.

ಆತ ನಿಷ್ಠೆಯಿಂದ ಚಿಕಿತ್ಸೆ ಪಡೆದ. ಕೈನಡುಕ, ಬೆವರು, ನಿದ್ದೆಯಿಲ್ಲದ ಮೊದಲ ವಾರ ದಾಟಿದ ಮೇಲೆ ಕೌನ್ಸೆಲಿಂಗಿಗೆ ಬಂದು ಕುಳಿತ. ಕುಡಿತ ಬಿಟ್ಟವರ ಗುಂಪಿನಲ್ಲಿ ತನ್ನ ಮುರುಕು ಮರಾಠಿಯಲ್ಲೇ ಮಾತನಾಡಿದ. ಇತ್ತ ಸುವರ್ಣಾಳನ್ನು ನಾನು ಶನಿವಾರದ ಕುಟುಂಬದವರ ಸಭೆಗೆ ಕರೆತಂದೆ. ಕುಡಿಯುವವನಿಗೆ ಮಾತ್ರವಲ್ಲ, ಅವನೊಡನೆ ಬದುಕುವವರಿಗೂ ಆಸರೆ ಬೇಕು ಎಂಬ ಕಾರಣಕ್ಕೆ ನಡೆಸುವ ಸಭೆ ಅದು. ಹಲವು ಶನಿವಾರ ಅವಳು ಮೂಲೆಯ ಕುರ್ಚಿಯಲ್ಲಿ ಬಾಯಿ ಬಿಡದೆ ಕುಳಿತಳು. ಒಂದು ದಿನ ಎದ್ದು ಕನ್ನಡದಲ್ಲೇ ಎಲ್ಲ ಹೇಳಿದಳು. ಮರಾಠಿಯಲ್ಲಿ ಅದನ್ನು ಹೇಳಲು ಅವಳ ನಾಲಿಗೆ ಏಳಲಿಲ್ಲ, ನಾನು ಅನುವಾದಿಸಿದೆ. ಹಡಪಸರದಿಂದ ಬರುತ್ತಿದ್ದ ಹಿರಿಯ ಹೆಂಗಸೊಬ್ಬಳು ತಲೆ ತಗ್ಗಿಸಿ, ಮೆಲ್ಲಗೆ, ‘ನಾನೂ ಹಾಕಿದ್ದೆ, ಬೇಳೆಸಾರಿನಲ್ಲಿ’ ಎಂದಳು. ಆಮೇಲೆ ಇನ್ನೊಬ್ಬಳು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಮನೆಗೆ ಹೊರಡುವ ದಿನ ಈರಣ್ಣ ಒಂದೇ ಷರತ್ತು ಹಾಕಿದ. “ಉಣ್ಣೂದಕಿಂತ ಮೊದಲ ನನ್ನ ತಾಟಿನ್ಯಾಗಿಂದ ಅಕಿ ಒಂದು ತುತ್ತು ತಿನ್ನಬೇಕು.” ಸುವರ್ಣಾ ಕೂಡಲೇ ಒಪ್ಪಿಕೊಂಡಳು. ಗಂಡ ಉಂಡೆದ್ದ ಮೇಲೆ ಊಟಕ್ಕೆ ಕೂಡುವುದನ್ನೇ ಕಲಿತು ಬಂದವಳು ಅವಳು. ಆ ದಿನದಿಂದ ಆ ಮನೆಯಲ್ಲಿ ಮೊದಲ ತುತ್ತು ಅವಳದಾಯಿತು. ಫಾಲೋ-ಅಪ್‌ಗೆ ಮನೆಗೆ ಹೋದಾಗ ನಾನೇ ಕಣ್ಣಾರೆ ಕಂಡೆ. ಅವಳು ಬಂದು, ರೊಟ್ಟಿ ಮುರಿದು, ಪಲ್ಯ ಹಚ್ಚಿ, ಆತನ ಎದುರು ಅಗಿದು ನುಂಗಿ ಒಳಗೆ ಹೋದಳು. ಆಮೇಲೆ ಆತ ಕೈ ಹಚ್ಚಿದ. ಇಬ್ಬರ ಮುಖದಲ್ಲೂ ಸಿಟ್ಟಿರಲಿಲ್ಲ. ಚಟ್ನಿಪುಡಿ ಆ ತಾಟಿಗೆ ಮತ್ತೆ ಬರಲೇ ಇಲ್ಲ. ಬೇರೆ ದಾರಿ ಹುಡುಕೋಣ ಎಂದು ಇಬ್ಬರನ್ನೂ ಕೂರಿಸಿ ಮಾತನಾಡಿಸಿದೆ. “ಇರ್ಲಿ ಬಿಡ್ರಿ ಅಕ್ಕಾರ, ಉಣ್ತಾರಲ್ಲ, ಸಾಕು” ಎಂದಳು ಸುವರ್ಣಾ.

ಈರಣ್ಣ ಮತ್ತೆ ಒಂದು ಹನಿಯೂ ಕುಡಿಯಲಿಲ್ಲ. ನಮ್ಮ ಲೆಕ್ಕದಲ್ಲಿ ಅದು ಯಶಸ್ವಿ ಕೇಸ್. ಆದರೆ ಅದಕ್ಕೂ ಮುಂಚಿನ ವರ್ಷಗಳ ಕುಡಿತ ಲಿವರನ್ನು ಆಗಲೇ ತಿಂದು ಹಾಕಿತ್ತು. ನಾನು ನಿವೃತ್ತಳಾಗುವ ವರ್ಷ ಹೊಟ್ಟೆಯಲ್ಲಿ ನೀರು ತುಂಬಿ ಆತ ಮತ್ತೆ ಅದೇ ಮೆಡಿಸಿನ್ ವಾರ್ಡಿಗೆ ಬಂದ. ಮಾಡುವುದೇನೂ ಉಳಿದಿಲ್ಲ ಎಂದು ಡಾಕ್ಟರು ಹೇಳಿದ್ದರು. ಉಪ್ಪು, ಖಾರದ ಪಥ್ಯವನ್ನೂ ಸಡಿಲಿಸಿದ್ದರು. ಇನ್ನೇಕೆ ಪಥ್ಯ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಕೊನೆಯ ಸಲ ನಾನು ನೋಡಲು ಹೋದಾಗ ಆತ ಚಟ್ನಿಪುಡಿ ಕೇಳಿದ್ದ. ಸುವರ್ಣಾ ಮನೆಗೆ ಓಡಿ ಹೋಗಿ ಕುಟ್ಟಿ ತಂದಿದ್ದಳು. ಅದೇ ಸ್ಟೀಲ್ ಡಬ್ಬಿ. ಮೊಸರಿನಲ್ಲಿ ಕಲಸಿ, ಇಷ್ಟು ವರ್ಷದ ರೂಢಿಯಂತೆ ಮೊದಲು ತನ್ನ ಬಾಯಿಗೆ ಒಯ್ದಳು. ಈರಣ್ಣ ಕೈ ಎತ್ತಿ ಅವಳ ಮುಂಗೈ ಹಿಡಿದ. ಆ ಕೈಯಲ್ಲಿ ಶಕ್ತಿ ಇರಲಿಲ್ಲ.

“ಬ್ಯಾಡ” ಎಂದ. “ಇಲ್ಲಿ ಕೊಡು.”

ಅವಳು ಕೊಟ್ಟಳು. ಆತನಿಗೆ ನುಂಗಲಾಗಲಿಲ್ಲ, ನಾಲಿಗೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದ. ಆಸ್ಪತ್ರೆಯಲ್ಲಿ ಅಳಬಾರದೆಂದು ನನ್ನ ಕೈಕೆಳಗಿನವರಿಗೆ ವರ್ಷಗಟ್ಟಲೆ ಪಾಠ ಹೇಳಿದವಳು ನಾನು. ಆ ದಿನ ಕಾರಿಡಾರಿಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಅತ್ತೆ. ಎರಡು ದಿನದಲ್ಲಿ ಈರಣ್ಣ ಹೋದ.

ನಿವೃತ್ತಳಾದ ಮೇಲೂ ಪರಿಚಯದವರು, ಪರಿಚಯದವರ ಪರಿಚಯದವರು ಫೋನ್ ಮಾಡುತ್ತಾರೆ. ತಾಯಂದಿರು, ಹೆಂಡತಿಯರು, ಒಮ್ಮೊಮ್ಮೆ ಅಕ್ಕತಂಗಿಯರು. ಮೊದಲು ನೀವು ಕುಟುಂಬದವರ ಸಭೆಗೆ ಬನ್ನಿ, ಅವನು ಬರದಿದ್ದರೂ ಪರವಾಗಿಲ್ಲ, ದಾರಿ ಅಲ್ಲಿಂದಲೇ ಶುರುವಾಗುತ್ತದೆ ಎಂದು ಹೇಳುತ್ತೇನೆ. ಬಹಳ ಜನ ಅದನ್ನು ಕೇಳಿಸಿಕೊಳ್ಳುವುದಿಲ್ಲ. ದನಿ ತಗ್ಗಿಸಿ, ಅವರಿಗೆ ಗೊತ್ತಾಗದ ಹಾಗೆ ಕೊಡುವ ಔಷಧಿ ಇದೆಯಂತಲ್ಲ ಎಂದು ಕೇಳುತ್ತಾರೆ. ಇಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಇದೆ, ಜೀವ ತೆಗೆಯುವಂಥದ್ದು ಎನ್ನುತ್ತೇನೆ. ಜೀವ ಉಳಿದರೂ ಆಮೇಲೆ ಅವನು ಯಾರ ಕೈಯಿಂದ ಉಣ್ಣಬೇಕು, ಅದನ್ನು ಮೊದಲು ಹೇಳಿ ಎನ್ನುತ್ತೇನೆ.