ಹಿತ್ತಲಿನ ಬಾಡಿಗೆಯವಳು

ಮರಳೂರಿನ ನಮ್ಮ ಮನೆಯ ಹಿತ್ತಲಲ್ಲಿ ಎರಡು ಚದರದ ಒಂದು ಔಟ್‌ಹೌಸ್ ಇದೆ. ಕುಣಿಗಲ್‌ನ ಗಂಡನ ಮನೆ ಬಿಟ್ಟು ಬಂದ ಮೇಲೆ ನಾನಿರುವುದು ಅದರಲ್ಲೇ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಈ ಬಡಾವಣೆಗೆ ಬಂದಿದ್ದಳು, ಇಲ್ಲಿ ನನ್ನನ್ನು ಬಲ್ಲವರು ಯಾರೂ ಇರಲಿಲ್ಲ. ಅದೇ ಅವಳಿಗೆ ಅನುಕೂಲವಾಯಿತು. "ಗುಬ್ಬಿ ಸ್ಕೂಲಲ್ಲಿ ಟೀಚರ್ರು, ಹಿಂದ್ಗಡೆ ಬಾಡಿಗೆಗೆ ಅವ್ರೆ" ಎಂದು ಬೀದಿಗೆಲ್ಲ ಹೇಳಿಬಿಟ್ಟಳು.

ಎರಡು ತಿಂಗಳ ಮಟ್ಟಿಗೆ ಎಂದಿದ್ದಳು, ಎರಡು ವರ್ಷವಾಯಿತು. ಗೇಟಿನಾಚೆ ನಾನು ಅವಳನ್ನು ಆಂಟಿ ಎಂದು ಕರೆಯಬೇಕು. ಒಳಗೆ ಬಂದರೆ ಅವಳೇ ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ವರ್ಷ ಮನೆ ಕಂದಾಯದ ಫಾರಂ ತುಂಬಿದವಳು ನಾನೇ. ಔಟ್‌ಹೌಸಿನ ಅಳತೆ ಬರೆದು ಪಕ್ಕದಲ್ಲಿ 'ಸ್ವಂತ ವಾಸ' ಎಂದು ಬರೆದೆ. ಅದರಲ್ಲಿ ಸುಳ್ಳೇನಿತ್ತು?

ಬೇಸಿಗೆ ರಜೆಯಲ್ಲಿ ಒಂದು ಬೆಳಿಗ್ಗೆ ಕಂದಾಯದವರು ಟೇಪು ಹಿಡಿದು ಬಂದರು. ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆ ಸಂಡಿಗೆ ಒಣಹಾಕುತ್ತಿದ್ದರು. ಉಪಕಾರ ಮಾಡುವವರಂತೆ ಅವರೇ ಹೇಳಿದರು: "ಅಲ್ಲಿ ಟೀಚರ್ ಬಾಡಿಗೆಗೆ ಅವ್ರೆ ಸಾರ್. ಭಾಳ ಒಳ್ಳೇವ್ರು."

ಅಧಿಕಾರಿ ಫಾರಂ ನೋಡಿದರು. "ಏನಮ್ಮಾ, ಸ್ವಂತ ವಾಸ ಅಂತ ಬರ್ದಿದೀರಿ. ಅಡುಗೆಮನೆ ಬೇರೆ ಐತೆ, ಕರೆಂಟ್ ಮೀಟರ್ ಬೇರೆ ಐತೆ. ಬಾಡಿಗೆ ಅಂದ್ರೆ ಕಂದಾಯ ಜಾಸ್ತಿ ಆಯ್ತದೆ. ತಪ್ಪು ಬರೆದಿದ್ದಕ್ಕೆ ದಂಡನೂ ಬೀಳ್ತದೆ."

ಮಗಳು ಎಂದರೆ ಮುಗಿಯುತ್ತಿತ್ತು. ನಾನು ಅಮ್ಮನನ್ನೇ ನೋಡಿದೆ. ಅವಳು ಕಾಂಪೌಂಡಿನ ಕಡೆ ನೋಡಿದಳು. ಆಟೋ ದುಡ್ಡು ಉಳಿಸಲು ಬಸ್ ಸ್ಟ್ಯಾಂಡಿನಿಂದ ಬಿಸಿಲಲ್ಲಿ ನಡೆದು ಬರುವ ಹೆಂಗಸು ಸಣ್ಣ ದನಿಯಲ್ಲಿ, "ಬಾಡಿಗೆ ಅಂತ್ಲೇ ಬರ್ಕಳಿ. ದಂಡ ಕಟ್ತೀನಿ" ಎಂದಳು.

ಅಧಿಕಾರಿ ಒಂದು ಹಾಳೆಯನ್ನು ನನ್ನ ಮುಂದೆ ಹಿಡಿದರು. "ಬಾಡಿಗೆದಾರರು ನೀವಾ ಮೇಡಂ? ಹೆಸರು, ತಂದೆ ಇಲ್ಲಾ ಗಂಡನ ಹೆಸರು ಬರ್ದು ಸೈನ್ ಮಾಡಿ."

ಗಂಡನ ಹೆಸರು ಬರೆದಿದ್ದರೆ ಅಮ್ಮನ ಮರ್ಯಾದೆ ಉಳಿಯುತ್ತಿತ್ತು. ನಾನು ಬೇಕೆಂದೇ ಅಪ್ಪನ ಹೆಸರು ಬರೆದೆ, ಬೋರ್ಡಿನ ಮೇಲೆ ಮಕ್ಕಳಿಗೆ ಬರೆಯುವಷ್ಟು ದುಂಡಗೆ.

ಅಧಿಕಾರಿ ಅದನ್ನು ಓದಿ, ಖಾತೆಯ ಕಾಗದ ತೆಗೆದು, ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡರು. "ಅಮ್ಮೋರ ಯಜಮಾನ್ರ ಹೆಸರೂ ಇದೇ ಐತಲ್ಲ?"

ಪಕ್ಕದ ಮನೆಯಾಕೆಯ ಕೈ ಸಂಡಿಗೆಯ ಮೇಲೆ ನಿಂತುಹೋಯಿತು. ಅಮ್ಮ ಜಗಲಿಯ ಕಂಬ ಹಿಡಿದುಕೊಂಡಳು.

"ಅವ್ಳು ನನ್ ಮಗಳು ಸಾರ್," ಎಂದಳು. "ಗಂಡನ್ನ ಬಿಟ್ಟು ಬಂದವ್ಳೆ."

ಅಧಿಕಾರಿ ತಲೆಯೆತ್ತದೆ 'ಬಾಡಿಗೆ' ಎಂಬುದನ್ನು ಹೊಡೆದುಹಾಕಿ, ಟೇಪು ಸುತ್ತಿಕೊಂಡು ಹೊರಟರು. ಪಕ್ಕದವರು ಬರಿಯ ಮೊರ ಹಿಡಿದು ಒಳಗೆ ಹೋದರು.

ಅಮ್ಮ ನನ್ನ ಕಡೆ ತಿರುಗಿದಳು. "ಸಮಾಧಾನ ಆಯ್ತೇನೇ?" ಎಂದು ಕೇಳಿದಳು. ಗಲ್ಲ ನಡುಗುತ್ತಿತ್ತು.

ನನಗೆ ಸಮಾಧಾನ ಆಗಿತ್ತು. ಅವಳ ಮುಖ ನೋಡಿದ ಮೇಲೂ ಆಗಿತ್ತು. ಅದನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.