ಹೊಸನಗರದಲ್ಲಿ ಹಾಕಿಕೊಂಡ ಹನಿ

ಕಣ್ಣಿಗೆ ಬಿಟ್ಟ ಹನಿ ಗಂಟಲಲ್ಲಿ ಕಹಿಯಾಗುತ್ತದೆ ಎಂಬುದು ನಿಮಗೆ ಗೊತ್ತಿರಲಿಕ್ಕಿಲ್ಲ. ಗೊತ್ತಾಗುವ ಕಾಲ ಬಂದರೆ ನನ್ನ ಸಲಹೆ ಇಷ್ಟು: ಹನಿ ಬಿಟ್ಟ ಮೇಲೆ ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿಯಿರಿ. ಇವತ್ತು ಬೆಳಿಗ್ಗೆ ಒತ್ತುವುದನ್ನು ಮರೆತೆ. ಕಹಿ ಇಳಿಯಿತು, ಜೊತೆಗೆ ತೀರ್ಥಹಳ್ಳಿಯ ಕಣ್ಣಿನ ಡಾಕ್ಟರಮ್ಮ ನೆನಪಾದರು.

ಸಾಗರದಲ್ಲಿ ನನ್ನದು ಹಳೆ ಸ್ಕೂಟರ್, ಬೈಕುಗಳ ವ್ಯಾಪಾರ. ಗ್ಲುಕೋಮಾ ಎಂದು ತಿಳಿದಾಗ ಊರಲ್ಲಿ ಚಿಕಿತ್ಸೆ ಮಾಡಿಸದೆ ತೀರ್ಥಹಳ್ಳಿಗೆ ಹೋದೆ. ನನ್ನ ಕಣ್ಣಿನ ಸುದ್ದಿ ಹಬ್ಬಿದರೆ ಗಾಡಿ ಮಾರಲು ಬರುವವರು ಟ್ಯಾಂಕಿನ ತಗ್ಗು ಮುಚ್ಚುವ ಶ್ರಮವನ್ನೂ ತೆಗೆದುಕೊಳ್ಳುವುದಿಲ್ಲ.

"ಕಣ್ಣೊಳಗೆ ನೀರು ಊರ್ತಾ ಇರುತ್ತೆ, ಹರಿದು ಹೋಗ್ತಾನೂ ಇರುತ್ತೆ. ನಿಮಗೆ ಹೋಗೋದು ಕಮ್ಮಿ. ಅದಕ್ಕೇ ಒತ್ತಡ ಏರಿ ನರ ಸಾಯ್ತಿದೆ," ಎಂದರು ಡಾಕ್ಟರಮ್ಮ. "ಗಾಬರಿ ಆದಾಗ ಮೈಯಲ್ಲಿ ಅಡ್ರಿನಲಿನ್ ಏಳುತ್ತಲ್ಲ, ಈ ಔಷಧಿ ಅದರ ನೆಂಟ. ನೀರು ಊರೋದನ್ನ ತಗ್ಗಿಸುತ್ತೆ, ಹೊರಗೆ ಹೋಗೋಕೂ ಸ್ವಲ್ಪ ದಾರಿ ಮಾಡುತ್ತೆ. ಕೆಲವೇ ಗಂಟೆ ಅಷ್ಟೆ. ಅದಕ್ಕೇ ದಿನಾ ಎರಡು ಸಲ."

"ಒಂದೇ ಸಲ ಮಾಡ್ಕೊಡಿ ಮೇಡಂ." ಅಭ್ಯಾಸಬಲ.

"ಚೌಕಾಸಿ ನಿಮ್ ಅಂಗಡೀಲಿ ಯಜಮಾನ್ರೇ."

ಹನಿ ಹಾಕಿದರೆ ಬಾಯಿ ಒಣಗುತ್ತಿತ್ತು. ಬಾಯಿ ಒಣಗಿದ ಚೌಕಾಸಿಗಾರನನ್ನು ಯಾರು ಕೇಳುತ್ತಾರೆ? ಹಾಕಿದರೂ ಹೆಚ್ಚು ಕಾಣದು, ಹಾಕದಿದ್ದರೂ ಕಡಿಮೆ ಕಾಣದು. ಹಾಗಾಗಿ ಉಪಾಯ ಹೂಡಿದೆ. ತಪಾಸಣೆಯ ದಿನ ಮಾತ್ರ, ಬಸ್ಸು ಹೊಸನಗರದಲ್ಲಿ ಚಹಾಕ್ಕೆ ನಿಂತಾಗ, ಹನಿ. ತೀರ್ಥಹಳ್ಳಿಯಲ್ಲಿ ನನ್ನ ಸರದಿ ಬರುವಷ್ಟರಲ್ಲಿ ಒತ್ತಡ ಇಳಿದಿರುತ್ತಿತ್ತು. "ಭೇಷ್," ಎನ್ನುತ್ತಿದ್ದರು ಡಾಕ್ಟರಮ್ಮ.

ಹಳೆ ಗಾಡಿ ನೋಡಲು ಹೋದರೆ ಮೊದಲು ಎಂಜಿನ್ ಮುಟ್ಟಿ. ಬಿಸಿಯಿದ್ದರೆ, ನೀವು ಬರುವ ಮುಂಚೆಯೇ ಒದ್ದಾಡಿ ಸ್ಟಾರ್ಟ್ ಮಾಡಿಟ್ಟಿದ್ದಾರೆ ಎಂದರ್ಥ. ಊರಿಗೆಲ್ಲ ಇದನ್ನು ಹೇಳಿಕೊಡುವ ನಾನು ನನ್ನ ಕಣ್ಣನ್ನೇ ಬಿಸಿಮಾಡಿ ತೋರಿಸುತ್ತಿದ್ದೆ.

ವರ್ಷ ಕಳೆದ ಮೇಲೆ ಬೋಗುಣಿಯಂಥ ಯಂತ್ರಕ್ಕೆ ಮುಖವೊಡ್ಡಿ ಕೂರಿಸಿದರು. ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಎಡಗಡೆ ಚುಕ್ಕಿಯೇ ಬರಲಿಲ್ಲ.

"ಮೇಡಂ, ಈ ಕಡೆ ಬಲ್ಬ್ ಹೋಗಿದೆ. ನಮ್ ಮೆಕ್ಯಾನಿಕ್ ಹತ್ರ ಸರಿ ಮಾಡಿಸ್ಕೊಡ್ಲಾ?"

"ಬಲ್ಬ್ ಸರಿ ಇದೆ," ಎಂದರು. ಯಂತ್ರದಿಂದ ಬಂದ ಹಾಳೆ ನೋಡುತ್ತ, "ಹನಿ ದಿನಾ ಹಾಕ್ತಿದ್ರಾ?"

ಹೊಸನಗರದ ಚಹಾದ ವಿಷಯ ಬಾಯಿಬಿಟ್ಟೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹೋಗಿದ್ರಲ್ಲಿ ಅರ್ಧ ಆದ್ರೂ ವಾಪಸ್ ಬರಲ್ವಾ?"

"ಒಂದು ಚೂರೂ ಬರಲ್ಲ. ಇರೋದನ್ನ ಉಳಿಸ್ಕೊಳ್ಳಿ."

ಅಂದಿನಿಂದ ಎರಡು ಹೊತ್ತೂ ಹನಿ ತಪ್ಪಿಲ್ಲ. ಇವತ್ತು ಆ ಕಹಿಯಲ್ಲೇ ಅಂಗಡಿಗೆ ಹೋದೆ. ಮೇಷ್ಟ್ರೊಬ್ಬರು ಸ್ಕೂಟರ್ ತಂದು ಬೆಲೆ ಹೇಳಿದರು. ಬಾಯಿ ಒಣಗಿತ್ತು, ಮಾತಾಡಲಿಲ್ಲ. ಎಡಗಡೆ ನೋಡಲು ಈಗ ತಲೆಯನ್ನೇ ತಿರುಗಿಸಬೇಕು. ಅತ್ತಿತ್ತ ತಿರುಗಿಸಿ ಗಾಡಿ ನೋಡಿದೆ.

"ಹಂಗೆ ತಲೆ ಅಲ್ಲಾಡಿಸ್ಬೇಡಿ ಮಾರಾಯ್ರೇ, ಇಳಿಸ್ತೀನಿ," ಎಂದು ಅವರೇ ಎರಡು ಸಲ ಇಳಿಸಿದರು.

ಇಷ್ಟು ಸಲೀಸಾದ ವ್ಯಾಪಾರ ನಾನು ಮಾಡಿದ್ದೇ ಇಲ್ಲ. ಆದರೂ ಹೇಳುತ್ತೇನೆ, ಎಡಗಡೆಯ ನೋಟದ ಆ ಚೂರನ್ನು ಯಾರಾದರೂ ಮಾರಲು ತಂದರೆ, ಅವರು ಹೇಳಿದ ಮೊದಲ ಬೆಲೆಗೇ ತೆಗೆದುಕೊಳ್ಳುತ್ತೇನೆ.